ಪೀಪಿಯ ಬಾಯಿ

ನನಗೆ ಯಾರನ್ನೂ ಸುಮ್ಮಸುಮ್ಮನೆ ಹೊಗಳಿ ಅಭ್ಯಾಸವಿಲ್ಲ. ನಾನು ಕೂದಲು ಕತ್ತರಿಸುವವಳು. ನನ್ನ ಕುರ್ಚಿಯಲ್ಲಿ ಕೂತವರು ಕನ್ನಡಿ ನೋಡಿಕೊಂಡು ಚೆನ್ನಾಗಿದೆಯಾ ಎಂದು ಕೇಳಿದಾಗ, ಚೆನ್ನಾಗಿಲ್ಲದಿದ್ದರೆ ಇಲ್ಲವೆಂದೇ ಹೇಳುತ್ತೇನೆ. ಹಾಗಾಗಿ ಗಿರಾಕಿಗಳು ಕಡಿಮೆ, ಇರುವವರು ಎದೆಗಾರಿಕೆಯವರು. ಅಂಥ ನಾನು ನನ್ನ ತಮ್ಮನ ಹೆಂಡತಿಯನ್ನು ಹೊಗಳಲು ಹೊರಟಿದ್ದೇನೆಂದರೆ, ಅವಳು ಅದಕ್ಕೆ ತಕ್ಕ ಕೆಲಸ ಮಾಡಿದ್ದಾಳೆ ಎಂದು ತಿಳಿದುಕೊಳ್ಳಿ.

ನನ್ನ ತವರುಮನೆ ನನ್ನ ಸಲೂನಿನ ಎದುರಿಗೇ ಇದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ಅಂಗಡಿಯಲ್ಲಿ ನಡೆಯುವುದು ಊದುವ ವಾದ್ಯಗಳ ರಿಪೇರಿ. ಅಪ್ಪ ಪ್ರಾಯದಲ್ಲಿ ಬ್ಯಾಂಡಿನ ಕ್ಲಾರಿನೆಟ್‌ನವರು. ಅಂಗಡಿ ಹಾಕಿದ್ದು ಆಮೇಲೆ. ತಮ್ಮ ಟ್ರಂಪೆಟ್ಟುಗಳ ನೆಗ್ಗು ತೆಗೆಯುತ್ತಾನೆ, ಊರೆಲ್ಲ ಸುತ್ತಿ ಬ್ಯಾಂಡಿನವರಿಂದ ಕೆಲಸ ಹಿಡಿದು ತರುತ್ತಾನೆ. ಕ್ಲಾರಿನೆಟ್ಟುಗಳು ಅವನ ಹೆಂಡತಿಯ ಪಾಲು. ಮದುವೆಯಾಗಿ ಬಂದಾಗ ಅವಳಿಗೆ ಕ್ಲಾರಿನೆಟ್ಟಿನ ಯಾವ ತುದಿ ಬಾಯಿಗೆ, ಯಾವುದು ನೆಲದ ಕಡೆಗೆ ಎಂಬುದೂ ಗೊತ್ತಿರಲಿಲ್ಲ. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡು ಕಲಿಸಿದರು. ನನಗೂ ತಮ್ಮನಿಗೂ ಕಲಿಸಲು ಹೋಗಿ ಸೋತಿದ್ದವರು ಸೊಸೆಯ ಹತ್ತಿರ ಗೆದ್ದರು.

ಅಪ್ಪನ ಪಾಠವೆಂದರೆ ಮುಖ್ಯವಾಗಿ ಗಾಳಿ ಸೋರುವ ಜಾಗ ಹುಡುಕುವುದು. ಎಲ್ಲೋ ಒಂದು ಕಡೆ ಗಾಳಿ ಸೋರಿದರೆ ಕ್ಲಾರಿನೆಟ್ ಕೀಚಲು ದನಿ ತೆಗೆಯುತ್ತದೆ. ತಂದವನು ಕೆಳಗಿನ ಸ್ವರ ಕೆಟ್ಟಿದೆ ಎನ್ನುತ್ತಾನೆ, ಸೋರುತ್ತಿರುವುದು ಮೇಲಿನ ತುಂಡಾಗಿರುತ್ತದೆ. ಅದಕ್ಕೇ ಅಪ್ಪ ತಂದವನ ಮಾತನ್ನು ಮರ್ಯಾದೆಯಿಂದ ಕೇಳಿಸಿಕೊಂಡು ಬದಿಗಿಡುತ್ತಿದ್ದರು. ವಾದ್ಯ ಬಿಚ್ಚಿ, ಒಂದೊಂದೇ ತುಂಡು ತೆಗೆದುಕೊಂಡು, ಒಂದು ತುದಿಗೆ ಬಿರಡೆ ಹಾಕಿ, ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯಿಂದ ಊದಿ, ಎಲ್ಲಿ ಹಿಸ್ಸೆನ್ನುತ್ತದೆ ಎಂದು ನೋಡಬೇಕು. ಸರಿ ಇದೆ ಎಂದು ಬದಿಗಿಟ್ಟ ತುಂಡನ್ನೂ ಮತ್ತೊಮ್ಮೆ ನೋಡಬೇಕು. ಇದರಲ್ಲಿ ಅವಳಿಗಿದ್ದ ತಾಳ್ಮೆ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ.

ಅವಳ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ. ಮುಖ ಅಂಗೈಯಷ್ಟು, ಅಳು ಮಾತ್ರ ಅಂಗಡಿಯ ಯಾವ ವಾದ್ಯಕ್ಕೂ ಕಡಿಮೆಯಿಲ್ಲ. ಅದಕ್ಕೇ ಪೀಪಿ ಎಂದು ಕರೆಯತೊಡಗಿದೆವು. ಅಷ್ಟು ಕಿರುಚುವವನಿಗೆ ಮೊಲೆ ಹಿಡಿಯಲು ಬರುತ್ತಿರಲಿಲ್ಲ. ಅವಳು ಹಾಲು ಹಿಂಡಿ, ಚಮಚದಲ್ಲಿ ಹನಿಹನಿಯಾಗಿ ಕುಡಿಸಿ, ಮತ್ತೆ ಎದೆಗೆ ಹಚ್ಚಿ, ಅವನೂ ಅತ್ತು ಇವಳೂ ಅತ್ತು, ವಾರಗಟ್ಟಲೆ ಹೆಣಗಿದಳು. ಒಂದು ಬೆಳಿಗ್ಗೆ ಪರದೆಯ ಹಿಂದಿನಿಂದ "ಅತ್ತಿಗೆ, ಹಿಡಿದ" ಎಂದು ಕೂಗಿದ್ದು ರಸ್ತೆ ದಾಟಿ ನನಗೆ ಕೇಳಿತು. ಗಿರಾಕಿಯ ಅರ್ಧ ತಲೆ ಹಾಗೇ ಬಿಟ್ಟು ಓಡಿದೆ. ಆ ಗಿರಾಕಿ ಮತ್ತೆ ನನ್ನ ಕಡೆ ತಲೆ ಹಾಕಲಿಲ್ಲ, ಹೋಗಲಿ ಬಿಡಿ. ಮಗು ಗುಟುಕ್ ಗುಟುಕ್ ಎಂದು ಕುಡಿಯುತ್ತಿತ್ತು. ಅವಳು ಅಲುಗಾಡಿದರೆ ಎಲ್ಲಿ ಬಿಟ್ಟುಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದಳು.

ಅಷ್ಟು ಕಷ್ಟಪಟ್ಟು ಹಿಡಿಸಿದ ಮೇಲೆ ಬಂತು ನೋಡಿ, ಬಿಳುಪು.

ಮೊದಲು ನಾಲಿಗೆಯ ಮೇಲೆ ಹಾಲು ನಿಂತಿದೆ ಅಂದುಕೊಂಡೆವು. ಅಮ್ಮ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಿದರೆ ಅದು ಹೋಗಲಿಲ್ಲ. ಉಜ್ಜಿದ ಕಡೆ ಕೆಂಪಾಗಿ ಮಗು ಚೀರಿತು. ಕೆನ್ನೆಯ ಒಳಗೆಲ್ಲ ಮೊಸರಿನ ಚೂರು ಅಂಟಿದ ಹಾಗೆ. ಅದರ ಬೆನ್ನಿಗೇ ಕೆಳಗೆ ದದ್ದು. ಡೈಪರ್ ಬಿಚ್ಚಿದರೆ ತೊಡೆಸಂದೆಲ್ಲ ಕೆಂಡದ ಬಣ್ಣ, ಅದರ ಅಂಚಿನಾಚೆಗೆ ಚೆಲ್ಲಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು. ನೀರು ತಾಗಿದರೆ ಸಾಕು, ಪೀಪಿ ಬೀದಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ.

ಡಾಕ್ಟರಮ್ಮ ಟಾರ್ಚು ಹಾಕಿ ನೋಡಿದರು. "ಇದು ಒಂಥರಾ ಬೂಷ್ಟು. ಎಲ್ಲರ ಮೈಯಲ್ಲೂ ಸ್ವಲ್ಪ ಇರುತ್ತೆ, ಎಳೆ ಮಕ್ಕಳಲ್ಲಿ ಜೋರಾಗುತ್ತೆ. ಬಾಯಿಂದ ಹೊಟ್ಟೆಗೆ ಹೋಗಿ ಕೆಳಗೂ ಬರುತ್ತೆ, ಅದಕ್ಕೇ ಆ ದದ್ದು. ನಿಮಗೂ ಎದೆ ಹತ್ರ ಉರಿ ಇದೆಯಾ?" ಎಂದು ಅವಳನ್ನು ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ.

"ಹಾಗಾದ್ರೆ ಇಬ್ಬರಿಗೂ ಒಟ್ಟಿಗೇ ಔಷಧಿ ಮಾಡಬೇಕು. ಒಬ್ಬರಿಗೆ ಮಾಡಿದ್ರೆ ಇನ್ನೊಬ್ಬರಿಂದ ವಾಪಸ್ ಬರುತ್ತೆ. ಬಿಳುಪು ಹೋಯ್ತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ, ನಾನು ಹೇಳೋವರೆಗೂ ಹಾಕಿ."

ಮಗುವಿನ ಬಾಯಿಗೆ ಡ್ರಾಪ್ಸ್, ಅವಳ ಎದೆಗೆ ಒಂದು ಕ್ರೀಮು, ದದ್ದಿಗೆ ಇನ್ನೊಂದು. ಅವಳು ಚಾಚೂ ತಪ್ಪದೆ ಮಾಡಿದಳು. ಸುವಾಸನೆಯ ವೈಪ್ಸು ಬಿಟ್ಟು ಉಗುರುಬೆಚ್ಚಗಿನ ನೀರು ಮತ್ತು ಹತ್ತಿ; ಉಜ್ಜದೆ, ಮೆಲ್ಲಗೆ ಒತ್ತಿ ಒರೆಸುವುದು; ಒದ್ದೆಯಾದ ಕೂಡಲೇ ಡೈಪರ್ ಬದಲಾಯಿಸುವುದು. ದಿನವೂ ಸ್ವಲ್ಪ ಹೊತ್ತು ಅವನನ್ನು ಬರಿಮೈಯಲ್ಲಿ ಟವೆಲ್ಲಿನ ಮೇಲೆ ಗಾಳಿಗೆ ಮಲಗಿಸುತ್ತಿದ್ದಳು. ಆ ಹೊತ್ತಿನಲ್ಲಿ ಪೀಪಿ ಗುರಿಯಿಟ್ಟು ಹೊಡೆದ ಕಾರಂಜಿ ಒಮ್ಮೆ, ತಮ್ಮ ಆಗಷ್ಟೇ ಪಾಲಿಶ್ ಮಾಡಿಟ್ಟಿದ್ದ ಟ್ರಂಪೆಟ್ಟಿನ ಬಾಯೊಳಗೇ ಬಿತ್ತು. "ಮೊದಲನೇ ಸ್ವರ ನುಡಿಸಿದ" ಎಂದರು ಅಪ್ಪ. ತಮ್ಮನ ಮುಖ ನೋಡಬೇಕಿತ್ತು.

ಬಿಳುಪು ಹೋಯಿತು. ದದ್ದು ಇಳಿಯಿತು. ನಾವು ನಿಟ್ಟುಸಿರು ಬಿಟ್ಟೆವು, ಅದು ವಾಪಸ್ ಬಂತು. ಮತ್ತೆ ಔಷಧಿ, ಮತ್ತೆ ವಾಸಿ, ಮತ್ತೆ ವಾಪಸ್. ಹಾಲು ಕುಡಿಸುವ ಹೊತ್ತಿಗೆ ಅವಳು ಕಾಲ ಬೆರಳುಗಳನ್ನು ಮಡಚಿ, ಹಲ್ಲು ಕಚ್ಚಿ, ಗೋಡೆ ನೋಡುತ್ತ ಕೂರುವುದನ್ನು ನಾನು ಕಣ್ಣಾರೆ ಕಂಡೆ. ಗಾಜಿನ ಚೂರು ಎಳೆದ ಹಾಗಿರುತ್ತದೆ ಎಂದು ಒಮ್ಮೆ ಕೇಳಿದಾಗ ಹೇಳಿದಳು. ಮಗುವಿನ ತಲೆಯ ಮೇಲಿದ್ದ ಕೈ ಮಾತ್ರ ಹೂವಿನಷ್ಟು ಹಗುರ.

ಅಮ್ಮ ಕೆಟ್ಟವಳಲ್ಲ, ಆದರೆ ಬಾಯಿ ನನಗೆ ಬಂದದ್ದು ಅವಳಿಂದಲೇ. "ಎಣ್ಣೆ, ಲೋಹದ ಪುಡಿ, ಯಾರ್ಯಾರೋ ಊದಿದ ಕೊಳವೆ. ಅದೇ ಕೈಯಲ್ಲಿ ಮಗು ಎತ್ತಿದ್ರೆ ಇನ್ನೇನಾಗುತ್ತೆ? ಬಾಟ್ಲಿ ಹಿಡಿಸಿ ಸುಮ್ಮನಾಗಬಾರದಾ?" ಎಂದಳು. ಸೊಸೆ ಮೊಣಕೈವರೆಗೆ ಸೋಪು ಹಾಕಿ ತೊಳೆದು ತೊಳೆದು ಅವಳ ಕೈಯ ಚರ್ಮ ಒಡೆದಿತ್ತು. ನನಗೆ ಮೈ ಉರಿಯಿತು. "ಅಮ್ಮಾ, ನೀನು ನನ್ನನ್ನ ಹೆತ್ತಾಗ ಈ ಅಂಗಡಿಯ ನೆಲದಲ್ಲೇ ಉರುಳಾಡಿಸಿದ್ದೆ. ಆಗ ಎಲ್ಲಿತ್ತು ನಿನ್ನ ಶುದ್ಧ?" ಎಂದೆ. ನಮ್ಮಿಬ್ಬರ ಜಗಳ ಶುರುವಾದರೆ ನಿಲ್ಲುವಂಥದ್ದಲ್ಲ. ಸೊಸೆಯೇ ನಡುವೆ ಬಂದು, "ಬಿಡಿ ಅತ್ತಿಗೆ, ಅತ್ತೆ ಮೊಮ್ಮಗನ ಸಂಕಟ ನೋಡಲಾರದೆ ಅಂದಿದ್ದು" ಎಂದಳು.

ಮೂರನೆಯ ಸಲ ಹೋದಾಗ ಡಾಕ್ಟರಮ್ಮ ಕೈಕಟ್ಟಿ ಕೂತು ಯೋಚಿಸಿದರು. "ನೀವು ಮಾಡ್ತಿರೋದೆಲ್ಲ ಸರಿಯಾಗೇ ಇದೆ. ಎಲ್ಲಿಂದಲೋ ಮತ್ತೆ ಬರ್ತಿದೆ. ಬಾಯಿಗೆ ಏನು ಕೊಡ್ತೀರಿ? ರಬ್ಬರ್ ನಿಪ್ಪಲ್, ಗಿಲಕಿ, ಆಟದ ಸಾಮಾನು?"

"ನಿಪ್ಪಲ್ ಇಲ್ಲ. ಗಿಲಕಿ, ಚಮಚ ಎಲ್ಲ ಕುದಿಸ್ತೀನಿ."

"ಇನ್ನೊಂದು ಸಲ ಪೂರ್ತಿ ಔಷಧಿ ಮಾಡೋಣ. ನೋವು ತಡೆಯೋಕಾಗದಿದ್ರೆ ಬಾಟಲಿ ಕೊಡೋದೇನೂ ತಪ್ಪಲ್ಲ ಕಣಮ್ಮ."

ವಾಪಸ್ ಬರುವಾಗ, ಬಸ್ಸಿನಿಂದ ಇಳಿಯುತ್ತ ಅವಳು ಹೇಳಿದಳು: "ಇದೊಂದು ಸಲ ಅತ್ತಿಗೆ. ಇದಾದ ಮೇಲೂ ಬಂದ್ರೆ ನಿಲ್ಲಿಸಿಬಿಡ್ತೀನಿ. ಅವನಿಗೂ ಹಿಂಸೆ." ಹೇಳುವಾಗ ದನಿ ಸಮವಾಗಿತ್ತು. ಆದರೆ ಅವಳು ಆ ಎದೆಹಾಲಿಗಾಗಿ ಪಟ್ಟ ಪಾಡು ನೋಡಿದ್ದವಳು ನಾನು.

ಔಷಧಿ ಮುಗಿಯುವ ಹೊತ್ತಿಗೆ ಪೀಪಿಯ ಬಾಯಿ ಗುಲಾಬಿಯಾಗಿತ್ತು, ಬೆನ್ನ ಕೆಳಗೆ ರೇಷ್ಮೆಯಂತಿತ್ತು. ಅವಳ ಕಾಲ ಬೆರಳುಗಳೂ ಬಿಚ್ಚಿಕೊಂಡಿದ್ದವು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ನಾನು ಟೀ ಲೋಟ ಹಿಡಿದು ಅಂಗಡಿಗೆ ಹೋದೆ. ಅವಳು ಮಗುವಿನ ಬಾಯಿ ತೆರೆಸಿ ನೋಡುತ್ತಿದ್ದಳು. ನೋಡಿದವಳು ಅವನನ್ನು ಅಪ್ಪನ ಕೈಗೆ ಕೊಟ್ಟು ಮೇಜಿನ ಮುಂದೆ ಕೂತಳು. ನಾನು ಹೋಗಿ ಇಣುಕಿದೆ. ಕೆಳತುಟಿಯ ಒಳಗೆ, ಸಾಸಿವೆಯಷ್ಟು, ಬಿಳಿ ಚುಕ್ಕಿ.

ಹೋಗಿ ಅವಳ ಪಕ್ಕದಲ್ಲಿ ನಿಂತೆ. ಅವಳು ರಿಪೇರಿಗೆ ಬಂದಿದ್ದ ಒಂದು ಕ್ಲಾರಿನೆಟ್ ಎತ್ತಿಕೊಂಡು, ಅದರ ಊದುವ ತುದಿಯನ್ನು, ಮೌತ್‌ಪೀಸನ್ನು, ಬಾಯಿಗಿಟ್ಟು ಒಂದು ಸ್ವರ ಊದಿದಳು. ದಿನಕ್ಕೆ ಎಷ್ಟು ಸಲ ಮಾಡುತ್ತಾಳೋ. ಆಮೇಲೆ ಅದನ್ನು ಹೆಬ್ಬೆರಳಿನಿಂದ ಒರೆಸಿದಳು, ಅಪ್ಪ ಕಲಿಸಿದ ಹಾಗೇ. ಒರೆಸಿದ ಹೆಬ್ಬೆರಳು ಅಲ್ಲೇ ನಿಂತಿತು. ಅವಳು ತನ್ನ ಕೆಳತುಟಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ನಂತರ ತಿರುಗಿ ಕಿಟಕಿಯ ಕಡೆ ನೋಡಿದಳು.

ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಅಪ್ಪ ಪೀಪಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅಂಗಿಯ ಜೇಬಿನಿಂದ ತಮ್ಮ ಹಳೆಯ ಕಪ್ಪು ಮೌತ್‌ಪೀಸ್ ತೆಗೆದು, ತುಟಿಗಿಟ್ಟು, ಬಾತುಕೋಳಿಯ ಹಾಗೆ ಕ್ವಾಕ್ ಎನಿಸಿದರು. ಪೀಪಿ ಬಾಯಿ ಅಗಲಿಸಿ ನಕ್ಕ. ಅಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿ ಅವನ ಬಾಯಿಗಿಟ್ಟರು. ಅವನು ಚೀಪತೊಡಗಿದ.

ಇದು ದಿನವೂ ನಮ್ಮೆಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ, ಯಾರೂ ಸುಳ್ಳು ಹೇಳಿರಲಿಲ್ಲ. ಬೇರೆಯವರ ಮನೆಯಲ್ಲಾದರೆ ಅದು ಒಂದು ವಸ್ತು. ನಮ್ಮ ಮನೆಯಲ್ಲಿ ಮೌತ್‌ಪೀಸ್ ಎಂದರೆ ಕೈಯ ಇನ್ನೊಂದು ಬೆರಳು. ಬಾಯಿಂದ ಬಾಯಿಗೆ ಹೋಗುತ್ತದೆ, ಒರೆಸಿದರೆ ಆಯಿತು. ಹಲ್ಲು ಬರುವಾಗ ನಾನೂ ತಮ್ಮನೂ ಚೀಪಿದ್ದು ಅದನ್ನೇ. ಡಾಕ್ಟರಮ್ಮ ಆಟದ ಸಾಮಾನು ಎಂದಾಗ ಅದು ನಮಗೆ ಹೊಳೆಯುವ ಪ್ರಶ್ನೆಯೇ ಬರಲಿಲ್ಲ. ಕುದಿಸುವ ಪಾತ್ರೆಗೂ ಅದು ಬೀಳುತ್ತಿರಲಿಲ್ಲ. ಗಟ್ಟಿ ರಬ್ಬರಿನ ಮೌತ್‌ಪೀಸಿಗೆ ಬಿಸಿನೀರು ತಾಗಿದರೆ ಅದು ಸೊಟ್ಟಗಾಗಿ ಬಣ್ಣಗೆಡುತ್ತದೆ, ಅದು ಅಪ್ಪನ ಮೊದಲನೇ ಪಾಠ.

ನಾನಾಗಿದ್ದರೆ ಅಲ್ಲಿಂದಲೇ ಕಿರುಚಿ ಕಿತ್ತುಕೊಳ್ಳುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. ಎದ್ದು ಹೋಗಿ ಅಂಗಡಿಯ ಬಾಗಿಲು ಅರ್ಧ ಎಳೆದು, ಮಗುವನ್ನು ನನ್ನ ಕೈಗೆ ಕೊಟ್ಟು, ತನ್ನ ಸ್ಟೂಲನ್ನು ಅಪ್ಪನ ಪಕ್ಕ ಹಾಕಿಕೊಂಡು ಕೂತಳು, ಕಲಿಯುವ ಕಾಲದಲ್ಲಿ ಕೂರುತ್ತಿದ್ದಂತೆ.

"ಮಾವ, ನೀವು ಊದೋದು ಬಿಟ್ಟಿದ್ದು ಉಸಿರು ಸಾಲದೆ ಅಲ್ಲ, ಅಲ್ವಾ?"

ಅಪ್ಪನಿಗೆ ಹೊಸ ಹಲ್ಲುಸೆಟ್ಟು ಬಂದಾಗಿನಿಂದ ಅವರು ಕ್ಲಾರಿನೆಟ್ ಊದುವುದನ್ನು ನಿಲ್ಲಿಸಿದ್ದರು. ಕೇಳಿದವರಿಗೆಲ್ಲ ಉಸಿರು ಸಾಲುವುದಿಲ್ಲ ಎನ್ನುತ್ತಿದ್ದರು. ನಾವೂ ವಯಸ್ಸಾಯಿತಲ್ಲ ಎಂದು ಒಪ್ಪಿಕೊಂಡಿದ್ದೆವು. ಕ್ವಾಕ್ ಎನಿಸುವುದೊಂದೇ ಉಳಿದಿತ್ತು, ಅದೂ ಮೊಮ್ಮಗನಿಗಾಗಿ.

ಅಪ್ಪ ಕಿಟಕಿಯ ಆಚೆ ನೋಡಿದರು. "ಯಾಕೆ ಕೇಳ್ತೀಯಮ್ಮ?"

"ಬಾಯಿ ನೋಯುತ್ತಾ?"

ಅಪ್ಪ ಹಲ್ಲುಸೆಟ್ಟು ತೆಗೆದು ಕರ್ಚೀಫಿನಲ್ಲಿಟ್ಟರು. ಹೆತ್ತ ಮಗಳು ನಾನೇ ಅವರ ಬೊಕ್ಕುಬಾಯಿ ನೋಡಿರಲಿಲ್ಲ. ಮೇಲಿನ ಅಂಗುಳ, ಸೆಟ್ಟು ಕೂರುವಷ್ಟು ಜಾಗವೂ, ಪೀಪಿಯ ದದ್ದಿನ ಹಾಗೆಯೇ ಕೆಂಪಾಗಿತ್ತು. ಅವರು ಮಲಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲವಂತೆ. ಕೆನ್ನೆ ಒಳಗೆ ಹೋದ ಮುಖವನ್ನು ಅಮ್ಮ ನೋಡುವುದು ಅವರಿಗೆ ಬೇಡವಾಗಿತ್ತು.

ಹಲ್ಲಿನ ಡಾಕ್ಟರು ಅದೂ ಅದೇ ಬೂಷ್ಟೇ ಎಂದರು. ಅಪ್ಪನಿಗೆ ಔಷಧಿ ಕೊಟ್ಟು, ಮಲಗುವಾಗ ಸೆಟ್ಟು ತೆಗೆದು ತೊಳೆದಿಡಬೇಕೆಂದರು, ಸಡಿಲಾಗಿದ್ದನ್ನು ಸರಿಮಾಡಿದರು. ಪೀಪಿಯ ಡಾಕ್ಟರಮ್ಮ, "ಇದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ. ಆದ್ರೆ ಒಂದು ದಾರಿ ಸಿಕ್ಕಿದೆ, ಮುಚ್ಚಿ ನೋಡೋಣ" ಎಂದು ಮಗುವಿಗೂ ತಾಯಿಗೂ ಮತ್ತೆ ಔಷಧಿ ಬರೆದರು. ನಿಲ್ಲಿಸುತ್ತೇನೆ ಎಂದಿದ್ದವಳು ನಿಲ್ಲಿಸಲಿಲ್ಲ. "ಸೋರೋ ಜಾಗ ಸಿಕ್ಕ ಮೇಲೆ ವಾದ್ಯ ಎಸೀತಾರಾ ಅತ್ತಿಗೆ?" ಎಂದಳು.

ಅಮ್ಮ ಅಪ್ಪನಿಗೆ ಸರಿಯಾಗಿ ಚಾಟಿ ಬೀಸಿದಳು. ಆದರೆ ಬೈದದ್ದು ಮೌತ್‌ಪೀಸಿಗಲ್ಲ. "ಇಷ್ಟು ವರ್ಷ ನಿಮ್ಮ ಗೊರಕೆ ಸಹಿಸಿದವಳು ಬೊಕ್ಕುಬಾಯಿ ಸಹಿಸ್ತಿರಲಿಲ್ವಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಸೊಸೆಯ ಒಡೆದ ಕೈಗಳಿಗೆ ತಾನೇ ಮುಲಾಮು ಹಚ್ಚಿದಳು. ಕ್ಷಮಿಸು ಎಂಬ ಮಾತು ನಮ್ಮಮ್ಮನ ಬಾಯಿಂದ ಬರುವುದಿಲ್ಲ. ಮುಲಾಮು ಬಂತು, ದೊಡ್ಡದು.

ಅಪ್ಪ ಮಾತ್ರ ಕುಗ್ಗಿಹೋದರು. ಪೀಪಿಯನ್ನು ಮುಟ್ಟುವುದನ್ನೇ ಬಿಟ್ಟರು. ಅವನು ಕಿಟಕಿಯ ಕುರ್ಚಿಯ ಕಡೆ ಕೈಚಾಚಿ ಅತ್ತರೂ ಎದ್ದು ಹೊರಗೆ ಹೋಗುತ್ತಿದ್ದರು. ಅವಳು ದಿನವೂ ಕರೆದಳು. "ಮುಟ್ಟಿದ್ರೆ ಏನೂ ಆಗಲ್ಲ ಮಾವ, ಎತ್ತಿಕೊಳ್ಳಿ" ಎಂದಳು. ಅವರು "ಬೇಡಮ್ಮ, ನನ್ನಿಂದ ಆಗಿದ್ದು ಸಾಕು" ಎಂದರು.

ಒಂದು ಬೆಳಿಗ್ಗೆ ನಾನು ಹೋದಾಗ ಮನೆಯಿಡೀ ಸುಟ್ಟ ರಬ್ಬರಿನ ನಾತ. ಅಡುಗೆಮನೆಯಲ್ಲಿ ಅಪ್ಪ ಒಲೆಯ ಮುಂದೆ ನಿಂತಿದ್ದರು. ಹಾಲಿನ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು, ಅದರೊಳಗೆ ಅವರ ಮೌತ್‌ಪೀಸ್. ಜೀವಮಾನವಿಡೀ ಬಿಸಿಲಿಗೂ ಇಡದೆ ಕಾಪಾಡಿಕೊಂಡು ಬಂದದ್ದು. ಕಪ್ಪಗಿದ್ದದ್ದು ಪಾಚಿಯ ಬಣ್ಣಕ್ಕೆ ತಿರುಗಿತ್ತು.

"ಚೆನ್ನಾಗಿ ಕುದಿಸಿದ್ದೀನಿ. ಈಗ ಮಗುವಿನ ಹತ್ರ ಬರಬಹುದಾ?" ಎಂದು ಅವರು ನಾತಕ್ಕೆ ಓಡಿಬಂದಿದ್ದ ಸೊಸೆಯನ್ನು ಕೇಳಿದರು.

ಅವಳು ಪಾತ್ರೆಯನ್ನೂ ಅಪ್ಪನ ಮುಖವನ್ನೂ ನೋಡಿದಳು. ಕುದಿಸುವುದು ಬೇಕಿರಲಿಲ್ಲ, ಮಗುವಿನ ಬಾಯಿಗೆ ಕೊಡದಿದ್ದರೆ ಸಾಕಿತ್ತು. ಆ ಮಾತನ್ನು ಅವಳು ಆಗಲೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಒಲೆ ಆರಿಸಿದಳು. "ಬನ್ನಿ ಮಾವ" ಎಂದು ಪೀಪಿಯನ್ನು ತಂದು ಅವರ ತೋಳಿಗೆ ಹಾಕಿದಳು. ಮೌತ್‌ಪೀಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದು, ನನ್ನ ಹೆಗಲಿಗೆ ಹಣೆಯಿಟ್ಟು ಒಂದು ನಿಮಿಷ ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಅವಳು ಮೇಜಿನ ಮೇಲೆ ಗಾಜಿನ ಹಲಗೆ ಇಟ್ಟು, ಅದರ ಮೇಲೆ ನಯವಾದ ಸ್ಯಾಂಡ್‌ಪೇಪರ್ ಹಾಸಿ, ಸೊಟ್ಟಗಾದ ಮೌತ್‌ಪೀಸನ್ನು ಒಂದೊಂದೇ ಎಳೆತ ಎಳೆದು ಮಟ್ಟ ಮಾಡತೊಡಗಿದಳು. ಎಳೆದು, ಬೆಳಕಿಗೆ ಹಿಡಿದು, ಮತ್ತೆ ಎಳೆದು. ಮಗು ಮಲಗಿದಾಗ, ಗಿರಾಕಿಗಳಿಲ್ಲದಾಗ, ಹೀಗೆ ಎಷ್ಟೋ ದಿನ. ಒಂದು ಎಳೆತ ಹೆಚ್ಚಾದರೆ ಅದರ ಕಥೆ ಮುಗಿಯಿತು. ನಾನು ಕೂದಲಿನ ವಿಷಯದಲ್ಲಿ ನನ್ನ ಕೈಯೇ ಕೈ ಎಂದು ಬೀಗುವವಳು. ಆ ಕೈ ನೋಡಿದ ಮೇಲೆ ಬೀಗುವುದನ್ನು ಬಿಟ್ಟೆ.

ಮುಗಿದ ದಿನ ಅದನ್ನು ಅಪ್ಪನ ಅಂಗೈಯಲ್ಲಿಟ್ಟಳು. "ಪೀಪಿಯ ಬಾಯಿಗೆ ಇದು ಬೇಡ ಮಾವ. ಕಿವಿಗೆ ಕೊಡಿ."

ಪರದೆಯ ಆಚೆ ಅಂಗಡಿಯಲ್ಲಿ ಅಪ್ಪ ಕ್ಲಾರಿನೆಟ್ ಜೋಡಿಸಿಕೊಂಡು ಕೂತರು. ಪರದೆಯ ಈಚೆ ಅವಳು ಪೀಪಿಗೆ ಹಾಲು ಕುಡಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಡೈಪರ್ ಮಡಿಸುತ್ತಿದ್ದೆ. ಔಷಧಿ ನಿಲ್ಲಿಸಿ ತಿಂಗಳ ಮೇಲಾಗಿತ್ತು, ಬಿಳುಪು ಬಂದಿರಲಿಲ್ಲ. ಮೊದಲ ಸ್ವರ ಸ್ವಲ್ಪ ನಡುಗಿತು. ಎರಡನೆಯದು ನಿಂತಿತು. ಅದು ಅಪ್ಪನ ಹಳೆಯ ದನಿಯಲ್ಲ, ಸ್ವಲ್ಪ ಒರಟು, ಸ್ವಲ್ಪ ಬೆಚ್ಚಗೆ, ಆದರೆ ಎಲ್ಲೂ ಸೋರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆ ಸದ್ದು ನಿಂತುಹೋಯಿತು.

ಪೀಪಿ ಕುಡಿಯುವುದನ್ನು ಬಿಟ್ಟು ಪರದೆಯ ಕಡೆ ತಿರುಗಿದ. ಬಾಯಿ ತೆರೆದೇ ಇತ್ತು, ಗಲ್ಲದ ಮೇಲೆ ಹಾಲು ಇಳಿಯುತ್ತಿತ್ತು, ನಾಲಿಗೆ ಅಪ್ಪಟ ಗುಲಾಬಿ. ಅವಳು ಅವನ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡಳು; ಅವನು ಮತ್ತೆ ಆ ಕಡೆ ತಿರುಗಿದ. ಕೊನೆಗೆ ಅವಳು ಸಿಡುಕಿದಳು, ಮಗುವಿನ ಹೊಟ್ಟೆ ತುಂಬಲಿಲ್ಲವಲ್ಲ ಎಂಬುದೊಂದನ್ನು ಬಿಟ್ಟು ಬೇರಾವ ನೋವೂ ಇಲ್ಲದ ತಾಯಿ ಸಿಡುಕುವ ಹಾಗೆ.

"ಮಾವ, ಒಂದು ನಿಮಿಷ ನಿಲ್ಲಿಸ್ತೀರಾ? ನಿಮ್ಮ ಹಾಡು ಕೇಳಿಕೊಂಡು ಇವನು ಕುಡೀತಾನೇ ಇಲ್ಲ."